ಬೀಗ ಹಾಕಿದ ಬೀರುವಿನ ಸಿನಿಮಾಗಳು

ಬೆಂಗಳೂರಿನ ಕಾಲೇಜೊಂದರ ಲೈಬ್ರರಿಯಲ್ಲಿ ನಾನು ಕೆಲಸಕ್ಕೆ ಸೇರಿದಾಗ ಮೂಲೆಯಲ್ಲಿ ಒಂದು ಕಬ್ಬಿಣದ ಬೀರು ಇತ್ತು. ಒಳಗೆ ಡಿವಿಡಿಗಳು, ಒಂದಷ್ಟು ವಿಎಚ್‌ಎಸ್ ಕ್ಯಾಸೆಟ್. ಬೀಗದ ಕೈ ಅಟೆಂಡರ್ ಹತ್ತಿರ. ಅವರು ಊಟಕ್ಕೆ ಹೋದರೆ ಸಿನಿಮಾವೂ ಊಟಕ್ಕೆ ಹೋದಂತೆ. ಹೊಸ ರ‍್ಯಾಕಿಗೆ ಜಾಗ ಬೇಕಾದಾಗ ಎಲ್ಲರ ಕಣ್ಣು ಬಿದ್ದದ್ದು ಇದರ ಮೇಲೆಯೇ. "ಎಲ್ಲಾ ಯೂಟ್ಯೂಬಲ್ಲಿ ಸಿಗುತ್ತಲ್ಲ ಸಾರ್, ಇದ್ಯಾಕೆ?"

ಸಿಗುತ್ತದೆ, ನಿಜ. ಆದರೆ ಏನು ಸಿಗುತ್ತದೆ? ಎಷ್ಟೋ ಹಳೆಯ ಚಿತ್ರಗಳಿಗೆ ಮೂಲೆಯಲ್ಲಿ ಚಾನೆಲ್ ಲೋಗೋ ಇರುತ್ತದೆ, ಒಂದೆರಡು ಹಾಡು ಇರುವುದಿಲ್ಲ, ಸಬ್‌ಟೈಟಲ್ ಅಂತೂ ಇಲ್ಲವೇ ಇಲ್ಲ. ಭಾನುವಾರ ಮಧ್ಯಾಹ್ನ ಸುಮ್ನೆ ನೋಡಲು ಅದು ಸಾಕು. ಛಾಯಾಗ್ರಹಣದ ಮೇಲೆ ಪ್ರಬಂಧ ಬರೆಯುವವರಿಗೆ ಸಾಕಾಗುವುದಿಲ್ಲ. ಒಟಿಟಿಯದು ಇನ್ನೊಂದು ಕಥೆ. ಅಲ್ಲಿ ಒಪ್ಪಂದ ಮುಗಿದ ದಿನ ಸಿನಿಮಾ ಮಾಯ. ಕೊಂಡ ಡಿವಿಡಿ ನಮ್ಮದು, ಒಟಿಟಿ ಬಾಡಿಗೆ ಮನೆ.

ಕಳೆದುಕೊಳ್ಳುವುದು ನಮಗೆ ಹೊಸತೇನಲ್ಲ. ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ಇದೇ ಊರಲ್ಲಿ ತೆರೆಕಂಡಿತು. ಇವತ್ತು ಅದರ ಒಂದು ಪ್ರಿಂಟೂ ಇಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾಗಿದ್ದೇ 1964ರಲ್ಲಿ. ರೀಲು ಕಾಪಾಡಲು ತಂಪು ಕೋಣೆ ಬೇಕು, ಅದು ಅಂಥವರ ಕೆಲಸ. ಕಾಲೇಜು ಲೈಬ್ರರಿ ಮಾಡಬೇಕಾದದ್ದು ನೋಡಲು ಕೊಡುವುದು. ಜೊತೆಗೆ ಸಿನಿಮಾದ ಸುತ್ತಲಿನ ಕಾಗದವನ್ನು ಇಟ್ಟುಕೊಳ್ಳುವುದು. ಟಾಕೀಸಿನ ಮುಂದೆ ಮಾರುತ್ತಿದ್ದ ಹಾಡಿನ ಪುಸ್ತಕ ನೆನಪಿದೆಯಾ? ಕಥಾಸಾರ, ಪಾತ್ರವರ್ಗ, ಎಲ್ಲಾ ಹಾಡು ಅದರಲ್ಲಿರುತ್ತಿತ್ತು. ಪ್ರಿಂಟು ಹೋದರೂ ಅದು ಉಳಿದಿರಬಹುದು. ರದ್ದಿಗೆ ಹಾಕುವ ಮುಂಚೆ ನಮಗೆ ತೋರಿಸಿ.

ಬೀರು ಉಳಿಯಿತು. ಉಳಿದರೆ ಆಯಿತಾ? ರಿಜಿಸ್ಟರಿನಲ್ಲಿ ಬರೀ "ಡಿವಿಡಿ" ಎಂದು ನಂಬರ್ ಹಾಕಿದ್ದರು. ಪುಸ್ತಕ ಇರುವುದು ಬಳಕೆಗೆ ಎಂದು 1931ರಲ್ಲೇ ಬರೆದ ಗ್ರಂಥಾಲಯ ವಿಜ್ಞಾನಿ ರಂಗನಾಥನ್ 1962ರಲ್ಲಿ ಡಿಆರ್‌ಟಿಸಿ ಎಂಬ ಗ್ರಂಥಾಲಯ ವಿಜ್ಞಾನದ ಸಂಶೋಧನೆ, ತರಬೇತಿ ಕೇಂದ್ರ ಕಟ್ಟಿದ್ದು ಇದೇ ಬೆಂಗಳೂರಲ್ಲಿ. ಅವರ ಊರಲ್ಲಿ ಹೀಗಾ ಅನ್ನಿಸಿತು. ಒಂದು ಬೇಸಿಗೆ ರಜೆ ಪೂರ್ತಿ ಕೂತು ನಿರ್ದೇಶಕರು, ಛಾಯಾಗ್ರಾಹಕರು, ಭಾಷೆ, ಸಬ್‌ಟೈಟಲ್, ಅವಧಿ ಎಲ್ಲಾ ಕ್ಯಾಟಲಾಗಿಗೆ ಏರಿಸಿದೆವು. ಲೈಬ್ರರಿಯಲ್ಲಿ ವಿಷಯವಾರು ವಿಂಗಡಿಸುವ ಡ್ಯೂಯಿ ಪದ್ಧತಿಯಲ್ಲಿ ಸಿನಿಮಾದ ನಂಬರ್ ಆದ 791.43 ಹಾಕಿದ್ದಷ್ಟೇ ಅಲ್ಲ, ವಿಷಯವನ್ನೂ ಬರೆದೆವು: ಬರ, ಜಾತಿ, ಕಾರ್ಖಾನೆ, ವಲಸೆ. ಆಮೇಲೆ ಮೊದಲು ಬಂದು ಕೇಳಿದವರು ಸಮಾಜಶಾಸ್ತ್ರದ ಮೇಡಂ.

ಕಾನೂನಿನ ಭಯ ಅಗತ್ಯಕ್ಕಿಂತ ಜಾಸ್ತಿ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಡುವವರು ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರು, ಕಾಲೇಜಿನ ಚಟುವಟಿಕೆಗೆ ಸಂಬಂಧಪಟ್ಟವರು ಇಷ್ಟೇ ಆಗಿದ್ದರೆ ಕಾಲೇಜು ಸಿನಿಮಾ ತೋರಿಸಬಹುದು. ಟಿಕೆಟ್ ಇಟ್ಟು ಊರವರನ್ನೆಲ್ಲ ಕರೆದರೆ ಲೆಕ್ಕ ಬೇರೆ.

ನಿಜವಾದ ತಲೆನೋವು ಯಂತ್ರದ್ದು. ಈಗಿನ ಲ್ಯಾಪ್‌ಟಾಪಿಗೆ ಡಿವಿಡಿ ಹಾಕುವ ಜಾಗವೇ ಇಲ್ಲ. ಯುಎಸ್‌ಬಿ ಡ್ರೈವ್ ತಂದೆವು, ಅದು ಸುಲಭ. ಆದರೆ ವಿಎಚ್‌ಎಸ್ ಕ್ಯಾಸೆಟ್ ಓಡಿಸುವ ವಿಸಿಆರ್ ತಯಾರಿಕೆ 2016ರಲ್ಲೇ ನಿಂತಿದೆ. ಎಸ್.ಪಿ. ರೋಡೆಲ್ಲ ಸುತ್ತಿ ಹಳೆಯದೊಂದನ್ನು ಹೊತ್ತು ತಂದೆವು. ಬೂಸಲು ಹಿಡಿದ ಟೇಪುಗಳನ್ನು ಬೇರೆ ಇಟ್ಟೆವು, ಒಂದು ಹಾಕಿದರೆ ವಿಸಿಆರ್‌ನಲ್ಲಿ ಟೇಪು ಓದುವ ಹೆಡ್ಡೂ ಹಾಳು. ಮೊದಲು ಡಿಜಿಟಲ್ ಮಾಡಿಸಿದ್ದು ಸಿನಿಮಾ ಅಲ್ಲ, ಕಾಲೇಜಿನದೇ ರೆಕಾರ್ಡಿಂಗ್. ಪ್ರಪಂಚದಲ್ಲಿ ಅದಕ್ಕೆ ಇನ್ನೊಂದು ಪ್ರತಿ ಇಲ್ಲವಲ್ಲ. ಒಂದರ ಮೇಲೆ "ನಾಟಕ, ಎರಡನೇ ದಿನ" ಅಂತ ಮಾತ್ರ ಇತ್ತು. ನಿವೃತ್ತ ಮೇಷ್ಟ್ರೊಬ್ಬರನ್ನು ಕರೆಸಿ ತೋರಿಸಿದೆವು. ನಾಟಕ ಯಾವುದೆಂದು ತಕ್ಷಣ ಹೇಳಿದರು. ಆಮೇಲೆ ಪರದೆ ಹತ್ತಿರ ಹೋಗಿ, ಮೀಸೆ ಅಂಟಿಸಿಕೊಂಡ ಹುಡುಗನನ್ನು ತೋರಿಸಿ, "ಇದು ನಾನೇ ಕಣ್ರೀ" ಎಂದರು.