ಪರದೆಯ ಅಂದ, ಯಂತ್ರದ ಭರವಸೆ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಘಟಕ ಬೇಕು, ಪ್ರೊಸೆಸರ್ ಇಂಟೆಲ್‌ನದಾದರೆ ಬಹುಮಟ್ಟಿಗೆ ಎಂಟನೇ ಪೀಳಿಗೆಯದೋ ಅದಕ್ಕಿಂತ ಹೊಸದೋ ಆಗಿರಬೇಕು. ಮೈಸೂರಿನ ಜೆರಾಕ್ಸ್ ಅಂಗಡಿಗಳಲ್ಲಿ, ಸಣ್ಣ ಕಚೇರಿಗಳಲ್ಲಿ, ಮಂಡ್ಯ ಜಿಲ್ಲೆಯ ಶಾಲೆಗಳ ಕಂಪ್ಯೂಟರ್ ಕೊಠಡಿಗಳಲ್ಲಿ ಇನ್ನೂ ಚೆನ್ನಾಗಿಯೇ ಓಡುತ್ತಿರುವ ಎಷ್ಟೋ ಹಳೆಯ ಯಂತ್ರಗಳು ಈ ಗೆರೆಯಿಂದಾಚೆ ಉಳಿದಿವೆ. ಅವಕ್ಕೆ ವಿಂಡೋಸ್ ಬದಲು ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯನ್ನು ಹಾಕಿಸಬಹುದೇ ಎಂದು ವಿಚಾರಿಸುವವರು ಸಾಮಾನ್ಯವಾಗಿ ಎರಡು ವಿಷಯ ಕೇಳುತ್ತಾರೆ. ನೋಡಲು ಚೆನ್ನಾಗಿರುತ್ತದೆಯೇ ಎಂಬುದು ಒಂದು. ವೈಫೈ, ಪ್ರಿಂಟರ್, ಪ್ರೊಜೆಕ್ಟರ್ ಎಲ್ಲ ಕೈಕೊಡದೆ ನಡೆಯುತ್ತವೆಯೇ ಎಂಬುದು ಇನ್ನೊಂದು. ಮೂಲ ಸಂಕೇತ ಎಲ್ಲರಿಗೂ ತೆರೆದಿರುವ ಮುಕ್ತ ತಂತ್ರಾಂಶದ ಲೋಕದಲ್ಲಿ ಈ ಎರಡಕ್ಕೂ ಉತ್ತರ ಹೇಳಬೇಕಾದವರು ಮೊದಲಿನಿಂದಲೂ ಬೇರೆ ಬೇರೆ ಜನರು. ತೊಡಕಿನ ಬೇರು ಇರುವುದು ಅಲ್ಲಿ.

ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ಎಕ್ಸ್ ವ್ಯವಸ್ಥೆ 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿತು. ಲೈನಸ್ ಟೋರ್ವಾಲ್ಡ್ಸ್ ಅವರ ಲಿನಕ್ಸ್ ಕರ್ನಲ್, ಅಂದರೆ ಯಂತ್ರಾಂಶವನ್ನು ನಡೆಸುವ ತಿರುಳು ತಂತ್ರಾಂಶ, ಬಂದದ್ದು 1991ರಲ್ಲಿ. ಅದರ ಮೇಲೆ ಸಾಮಾನ್ಯ ಬಳಕೆದಾರರಿಗೆ ಒಪ್ಪುವ ಡೆಸ್ಕ್‌ಟಾಪ್ (ಕಿಟಕಿ, ಮೆನು, ಐಕಾನ್‌ಗಳ ಪರದೆ) ಕಟ್ಟಬೇಕೆಂದು ಮಥಿಯಾಸ್ ಎಟ್ರಿಖ್ 1996ರಲ್ಲಿ ಕೆಡಿಇ ಯೋಜನೆಯನ್ನೂ, ಮಿಗೆಲ್ ದೆ ಇಕಾಸಾ ಮತ್ತು ಫೆಡೆರಿಕೊ ಮೆನಾ 1997ರಲ್ಲಿ ಗ್ನೋಮ್ ಯೋಜನೆಯನ್ನೂ ಆರಂಭಿಸಿದರು. ಹೀಗೆ ಕರ್ನಲ್, ಒಂದೊಂದು ಯಂತ್ರಭಾಗವನ್ನು ನಡೆಸುವ ಡ್ರೈವರ್, ಎಕ್ಸ್, ಡೆಸ್ಕ್‌ಟಾಪ್ ಎಂಬ ಪದರಗಳನ್ನು ಬೇರೆ ಬೇರೆ ತಂಡಗಳು ತಮ್ಮ ತಮ್ಮ ಗತಿಯಲ್ಲಿ ಬೆಳೆಸಿದವು. ಆಪಲ್ ತನ್ನ ಯಂತ್ರವನ್ನೂ ತಂತ್ರಾಂಶವನ್ನೂ ತಾನೇ ರೂಪಿಸುತ್ತದೆ. ವಿಂಡೋಸ್‌ಗೆ ಡ್ರೈವರ್ ಬರೆದುಕೊಡಲು ಯಂತ್ರಾಂಶ ಕಂಪನಿಗಳೇ ಮುಂದಾಗುತ್ತವೆ. ಲಿನಕ್ಸ್‌ಗೆ ಈ ಎರಡು ಅನುಕೂಲಗಳೂ ಇರಲಿಲ್ಲ. ಎಷ್ಟೋ ಡ್ರೈವರ್‌ಗಳನ್ನು ಸ್ವಯಂಸೇವಕರು ಚಿಪ್‌ನ ವರ್ತನೆಯನ್ನು ಹೊರಗಿನಿಂದ ಗಮನಿಸಿ, ಊಹಿಸಿ ಬರೆಯಬೇಕಾಯಿತು. ವೈಫೈ ಚಿಪ್‌ಗಳಿಗಾಗಿ ವಿಂಡೋಸ್‌ನ ಡ್ರೈವರನ್ನೇ ತಂದು ಎನ್‌ಡಿಐಎಸ್‌ರ‍್ಯಾಪರ್ ಎಂಬ ಹೊದಿಕೆಯೊಳಗಿಟ್ಟು ಓಡಿಸುತ್ತಿದ್ದ ಕಾಲವೂ ಇತ್ತು.

ಆದರೂ ಆ ದಿನಗಳಲ್ಲಿ ಅಂದಕ್ಕೂ ಭರವಸೆಗೂ ಅಷ್ಟಾಗಿ ಘರ್ಷಣೆ ಇರಲಿಲ್ಲ. ಕಿಟಕಿ ಎಂದರೆ ಒಂದು ಆಯತ, ಅದರ ಮೇಲೊಂದು ಪಟ್ಟಿ. ಅಷ್ಟನ್ನು ಬರೆಯಲು ಯಾವ ಸಾಧಾರಣ ಗ್ರಾಫಿಕ್ಸ್ ಚಿಪ್ ಆದರೂ ಸಾಕಾಗುತ್ತಿತ್ತು. 2006ರಲ್ಲಿ ಈ ಲೆಕ್ಕ ಬದಲಾಯಿತು. ನೊವೆಲ್ ಸಂಸ್ಥೆ ಆ ವರ್ಷದ ಆರಂಭದಲ್ಲಿ ಎಕ್ಸ್‌ಜಿಎಲ್ ಮತ್ತು ಕಂಪಿಜ್ ಎಂಬ ತಂತ್ರಾಂಶಗಳನ್ನು ಬಿಡುಗಡೆ ಮಾಡಿದಾಗ, ಕಿಟಕಿಗಳು ಎಳೆದತ್ತ ಬಳುಕಿದವು, ಇಡೀ ಪರದೆ ಒಂದು ಘನಾಕೃತಿಯ ಮುಖದಂತೆ ತಿರುಗಿತು. ಲಿನಕ್ಸ್ ಎಂದರೆ ಕಪ್ಪು ಪರದೆಯ ಮೇಲಿನ ಬಿಳಿ ಅಕ್ಷರಗಳು ಎಂದುಕೊಂಡಿದ್ದ ವಿದ್ಯಾರ್ಥಿಗಳನ್ನು ಈ ಘನ ಸೆಳೆದದ್ದು ಸಹಜವೇ. ಆದರೆ ಆವರೆಗೆ ಬಹುಮಟ್ಟಿಗೆ ಆಟಗಳಿಗೆ ಬೇಕಾಗಿದ್ದ ಗ್ರಾಫಿಕ್ಸ್ ಚಿಪ್‌ನ ಮೂರು ಆಯಾಮದ ಶಕ್ತಿ ಈಗ ಒಂದು ಪತ್ರ ಟೈಪ್ ಮಾಡಲಿಕ್ಕೂ ಬೇಕಾಯಿತು. ಆ ಶಕ್ತಿಯ ಕೀಲಿ ಇದ್ದದ್ದು ಎನ್‌ವಿಡಿಯಾ, ಎಟಿಐ ಕಂಪನಿಗಳು ಮೂಲ ಸಂಕೇತ ಬಿಟ್ಟುಕೊಡದ ಮುಚ್ಚಿದ ಡ್ರೈವರ್‌ಗಳಲ್ಲಿ. 2007ರ ಅಕ್ಟೋಬರ್‌ನಲ್ಲಿ ಲಿನಕ್ಸ್‌ನ ಜನಪ್ರಿಯ ರೂಪಗಳಲ್ಲೊಂದಾದ ಉಬುಂಟುವಿನ 7.10 ಆವೃತ್ತಿ ಕಂಪಿಜ್ ಅನ್ನು ಪೂರ್ವನಿಗದಿಯಾಗಿಯೇ, ಅಂದರೆ ಬಳಕೆದಾರರು ಆರಿಸದೆಯೇ ಬರುವಂತೆ, ಕೊಟ್ಟಿತು. ತೊಂದರೆ ಕೊಡುವ ಚಿಪ್‌ಗಳ ಪಟ್ಟಿಯೊಂದನ್ನು ಇಟ್ಟುಕೊಂಡು, ಅವುಗಳಲ್ಲಿ ಮಾತ್ರ ಆ ಬೆಡಗನ್ನು ತಾನಾಗಿಯೇ ಕೈಬಿಡುತ್ತಿತ್ತು. ಈ ಪಟ್ಟಿಯ ಉಪಾಯ ವಿವೇಕದ್ದು ಎಂದೇ ನಾನು ಭಾವಿಸುತ್ತೇನೆ. ಮುಂದಿನ ವರ್ಷಗಳಲ್ಲಿ ಆ ವಿವೇಕ ಎಲ್ಲೆಡೆ ಉಳಿಯಲಿಲ್ಲ.

2008ರ ಜನವರಿಯಲ್ಲಿ ಬಂದ ಕೆಡಿಇ 4.0 ನೋಟದಲ್ಲಿ ದೊಡ್ಡ ಜಿಗಿತ, ಸ್ಥಿರತೆಯಲ್ಲಿ ಅಷ್ಟೇ ದೊಡ್ಡ ಹಿನ್ನಡೆ. ಸ್ವತಃ ಟೋರ್ವಾಲ್ಡ್ಸ್ ಅದನ್ನು ಬಿಟ್ಟು ಗ್ನೋಮ್‌ಗೆ ಹೋದರು. ಅದೇ ವರ್ಷದ ಜುಲೈನಲ್ಲಿ ಉಬುಂಟುವಿನ ಸ್ಥಾಪಕ ಮಾರ್ಕ್ ಶಟಲ್‌ವರ್ತ್, ಎರಡು ವರ್ಷಗಳಲ್ಲಿ ಲಿನಕ್ಸ್ ಡೆಸ್ಕ್‌ಟಾಪ್ ಅಂದದಲ್ಲಿ ಆಪಲ್ ಅನ್ನು ಮೀರಬೇಕೆಂದು ಕರೆ ಕೊಟ್ಟರು. ಕೆಳಗಿನ ಪದರಗಳು ಆಗ ಎಂಥ ಸ್ಥಿತಿಯಲ್ಲಿದ್ದವು ಎಂಬುದಕ್ಕೆ ಉದಾಹರಣೆಗಳು ಸಾಕಷ್ಟಿವೆ. ಆ ವರ್ಷದ ಕೊನೆಯ ಭಾಗದಲ್ಲಿ, ಪರೀಕ್ಷಾ ಹಂತದಲ್ಲಿದ್ದ 2.6.27 ಕರ್ನಲ್ ಇಂಟೆಲ್‌ನ ಕೆಲವು ನೆಟ್‌ವರ್ಕ್ ಚಿಪ್‌ಗಳ ಸ್ಥಿರ ಸ್ಮರಣೆಯನ್ನೇ ಕೆಡಿಸಿ ಅವು ಕೆಲಸಕ್ಕೆ ಬಾರದಂತೆ ಮಾಡಿತು. 2009ರ ಏಪ್ರಿಲ್‌ನಲ್ಲಿ ಬಂದ ಉಬುಂಟು 9.04ರಲ್ಲಿ ಇಂಟೆಲ್ ಗ್ರಾಫಿಕ್ಸ್ ಇದ್ದ ಅನೇಕ ಯಂತ್ರಗಳು ಹಿಂದಿನ ಆವೃತ್ತಿಗಿಂತ ನಿಧಾನವಾದವು, ಏಕೆಂದರೆ ಡ್ರೈವರ್‌ನ ಒಳರಚನೆಯನ್ನೇ ಬದಲಿಸುವ ಕೆಲಸ ಆಗ ಅರ್ಧ ದಾರಿಯಲ್ಲಿತ್ತು.

ಈ ಕಾಲದ ಘಟನೆಗಳಲ್ಲಿ ಹೆಚ್ಚು ಗಮನಿಸಬೇಕಾದದ್ದು ಡಿಸ್ಕ್‌ನಲ್ಲಿ ಕಡತಗಳನ್ನು ಇಡುವ ಇಎಕ್ಸ್‌ಟಿ4 ಕಡತ ವ್ಯವಸ್ಥೆಯದು. ಬರೆಯಬೇಕಾದ ದತ್ತಾಂಶವನ್ನು ತಕ್ಷಣ ಡಿಸ್ಕ್‌ಗೆ ಇಳಿಸದೆ ಸ್ವಲ್ಪ ಕಾಲ ಹಿಡಿದಿಟ್ಟುಕೊಂಡು, ಅನಂತರ ಒಟ್ಟಾಗಿ ಇಳಿಸಿದರೆ ವೇಗ ಹೆಚ್ಚುತ್ತದೆ ಎಂಬುದು ಅದರ ತತ್ವಗಳಲ್ಲೊಂದು. ಕೆಡಿಇ, ಗ್ನೋಮ್ ಎರಡೂ ಲಾಗಿನ್ ಆಗುವಾಗ ಹತ್ತಾರು ಸಣ್ಣ ಸಿದ್ಧತಾ ಕಡತಗಳನ್ನು ಮತ್ತೆ ಮತ್ತೆ ಬರೆಯುತ್ತಿದ್ದವು. ಆ ಸಣ್ಣ ಅವಧಿಯಲ್ಲಿ ಯಂತ್ರ ಥಟ್ಟನೆ ನಿಂತುಹೋದರೆ, ಮತ್ತೆ ಏಳುವಾಗ ಆ ಕಡತಗಳು ಸೊನ್ನೆ ಬೈಟ್‌ನವಾಗಿ ಸಿಗುತ್ತಿದ್ದವು. ಬಳಕೆದಾರರ ಎಲ್ಲ ಹೊಂದಾಣಿಕೆಗಳೂ ಅಳಿಸಿಹೋಗಿರುತ್ತಿದ್ದವು. ಯಂತ್ರ ನಿಲ್ಲಲು ಒಂದು ಕಾರಣ ಮುಚ್ಚಿದ ಗ್ರಾಫಿಕ್ಸ್ ಡ್ರೈವರ್‌ಗಳ ಅಸ್ಥಿರತೆ. ಇಎಕ್ಸ್‌ಟಿ4ರ ಮುಖ್ಯ ಶಿಲ್ಪಿಗಳಲ್ಲಿ ಒಬ್ಬರಾದ ಥಿಯೊಡೋರ್ ತ್ಸೊ, ನಿಯಮದ ಪ್ರಕಾರ ಕಡತ ಡಿಸ್ಕ್ ಸೇರಿದೆ ಎಂದು ಖಚಿತಪಡಿಸಿಕೊಳ್ಳಬೇಕಾದದ್ದು ಅನ್ವಯ ತಂತ್ರಾಂಶವೇ ಎಂದು ವಾದಿಸಿದರು. ಹಾಗಿದ್ದೂ ಈ ಬಗೆಯ ಬರವಣಿಗೆಯನ್ನು ಗುರುತಿಸಿ ದತ್ತಾಂಶವನ್ನು ಬೇಗ ಇಳಿಸುವ ತಿದ್ದುಪಡಿಯನ್ನು ತಾವೇ ಬರೆದರು. ಅದು 2.6.30 ಕರ್ನಲ್‌ನಲ್ಲಿ ಸೇರಿತು. ಬೇಸಿಗೆಯಲ್ಲಿ ಹೇಳದೆ ಕೇಳದೆ ಕರೆಂಟ್ ಹೋಗುವ ನಮ್ಮ ಕಡೆ, ಯುಪಿಎಸ್ ಬ್ಯಾಟರಿ ಸೊರಗಿರುವ ಒಂದು ಹಳ್ಳಿಯ ಶಾಲೆಯಲ್ಲಿ, ಈ ವಾದದಲ್ಲಿ ಯಾರು ಸರಿ ಎಂಬುದಕ್ಕಿಂತ ಆ ತಿದ್ದುಪಡಿಯೇ ದೊಡ್ಡದು. ಕರೆಂಟ್ ಹೋದದ್ದಕ್ಕೆ ಕಡತ ಹೋಗುವುದಾದರೆ ಪರದೆಯ ಯಾವ ಅಲಂಕಾರವೂ ಮೇಷ್ಟರ ನಂಬಿಕೆಯನ್ನು ಉಳಿಸಲಾರದು.

2011ರ ಏಪ್ರಿಲ್‌ನಲ್ಲಿ ಗ್ನೋಮ್ 3 ಮತ್ತು ಯೂನಿಟಿ ಎಂಬ ಡೆಸ್ಕ್‌ಟಾಪನ್ನು ಪೂರ್ವನಿಗದಿ ಮಾಡಿದ ಉಬುಂಟು 11.04 ಒಂದೇ ತಿಂಗಳು ಬಂದವು. ಎರಡೂ ಮೂರು ಆಯಾಮದ ಗ್ರಾಫಿಕ್ಸ್ ಅನ್ನು ನೆಚ್ಚಿಕೊಂಡಿದ್ದವು. ದುರ್ಬಲ ಯಂತ್ರಗಳಿಗೆಂದು ಮೊದಲಿಗೆ ಇಟ್ಟಿದ್ದ ಸರಳ ರೂಪಗಳನ್ನು 2012–13ರ ಹೊತ್ತಿಗೆ ಕೈಬಿಟ್ಟು, ಗ್ರಾಫಿಕ್ಸ್ ಚಿಪ್‌ನ ಕೆಲಸವನ್ನು ಮುಖ್ಯ ಪ್ರೊಸೆಸರ್‌ನಿಂದಲೇ ಮಾಡಿಸುವ ಎಲ್‌ಎಲ್‌ವಿಎಂಪೈಪ್ ಎಂಬ ವಿಧಾನದ ಮೊರೆಹೋದರು. ಎರಡು ರೂಪಗಳನ್ನು ಸಾಕುವ ಕಷ್ಟ ತಪ್ಪಿತು, ನಿಜ. ಆದರೆ ಆ ಕಷ್ಟವೆಲ್ಲ ಹಳೆಯ ಪ್ರೊಸೆಸರ್‌ಗಳ ಮೇಲೆ ಬಿತ್ತು. ಗ್ನೋಮ್ 2ರ ರೂಪವನ್ನು ಮಾಟೆ ಎಂಬ ಹೆಸರಿನಲ್ಲಿ ಉಳಿಸಿಕೊಂಡವರೂ, ಲಿನಕ್ಸ್ ಮಿಂಟ್‌ನ ಸಿನಮನ್ ಡೆಸ್ಕ್‌ಟಾಪ್ ತಂಡದವರೂ, 1996ರಿಂದ ಹಗುರವಾಗಿಯೇ ಉಳಿದ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್‌ನವರೂ ಆ ಕಾಲದಲ್ಲಿ ಅಸಂಖ್ಯ ಹಳೆಯ ಯಂತ್ರಗಳನ್ನು ಬದುಕಿಸಿದರು. ಅವರ ಕೆಲಸಕ್ಕೆ ಸಲ್ಲಬೇಕಾದ ಗೌರವ ಇನ್ನೂ ಪೂರ್ತಿ ಸಂದಿಲ್ಲ.

ಇದೇ ವೇಳೆ ತಳಪಾಯವೂ ಗಟ್ಟಿಯಾಗುತ್ತಿತ್ತು. ಎಟಿಐ ಅನ್ನು ಕೊಂಡಿದ್ದ ಎಎಂಡಿ 2007ರಲ್ಲಿ ತನ್ನ ಚಿಪ್‌ಗಳ ವಿವರಗಳನ್ನು ಪ್ರಕಟಿಸಲು ಆರಂಭಿಸಿತು. ಪರದೆಯನ್ನು ಸಿದ್ಧಗೊಳಿಸುವ ಹೊಣೆಯನ್ನು ಎಕ್ಸ್‌ನಿಂದ ಕರ್ನಲ್‌ಗೆ ವರ್ಗಾಯಿಸುವ ಕೆಲಸ ಇಂಟೆಲ್ ಚಿಪ್‌ಗಳಿಗೆ 2009ರ 2.6.29 ಕರ್ನಲ್‌ನಲ್ಲಿ ಬಂತು. ಯಂತ್ರ ಆನ್ ಮಾಡಿದಾಗ ಪರದೆ ಮಿಣುಕದೆ ನೇರವಾಗಿ ಲಾಗಿನ್‌ಗೆ ತಲುಪುವ ನಯ ಸಾಧ್ಯವಾದದ್ದು ಈ ಬದಲಾವಣೆಯಿಂದ. ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ: ಉಳಿದುಬಂದ ಅಂದವೆಲ್ಲ ಹೀಗೆ ಕೆಳಗಿನಿಂದ ಮೇಲೆ ಬಂದದ್ದು, ಮೇಲಿನಿಂದ ಹೇರಿದ್ದಕ್ಕೆ ಮತ್ತೆ ಮತ್ತೆ ದಂಡ ತೆರಬೇಕಾಯಿತು.

ಎಕ್ಸ್‌ನ ಬದಲಿಗೆ ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ 2008ರಲ್ಲಿ ಆರಂಭಿಸಿದ ವೇಲ್ಯಾಂಡ್‌ನ ಕಥೆ ಇದಕ್ಕೆ ಸಾಕ್ಷಿ. ಉಬುಂಟು 2017ರ ಅಕ್ಟೋಬರ್‌ನ 17.10ರಲ್ಲಿ ಅದನ್ನು ಪೂರ್ವನಿಗದಿ ಮಾಡಿತು. ಆದರೆ ಐದು ವರ್ಷ ಬೆಂಬಲ ಕೊಡಬೇಕಿದ್ದ 18.04ರಲ್ಲಿ ಹಿಂದೆ ಸರಿದು ಎಕ್ಸ್ ಅನ್ನೇ ಇಟ್ಟುಕೊಂಡಿತು. ಮತ್ತೆ ವೇಲ್ಯಾಂಡ್ ಪೂರ್ವನಿಗದಿಯಾದದ್ದು 21.04ರಲ್ಲಿ. ಹಿಂದೆ ಸರಿಯುವ ಈ ಧೈರ್ಯವನ್ನು ನಾನು ಮೆಚ್ಚುತ್ತೇನೆ. ಅದೇ 17.10ಕ್ಕೆ ಇನ್ನೊಂದು ಕಹಿ ಅನುಭವವೂ ಆಯಿತು. ಸಾಮಾನ್ಯ ಬಳಕೆದಾರರಿಗೆ ಬೇಕೇ ಇಲ್ಲದ ಇಂಟೆಲ್ ಎಸ್‌ಪಿಐ ಡ್ರೈವರ್ ಒಂದು ಕರ್ನಲ್‌ನಲ್ಲಿ ಸಕ್ರಿಯವಾಗಿದ್ದರಿಂದ, ಲೆನೊವೊ ಸೇರಿದಂತೆ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಯಂತ್ರ ಏಳುವಾಗ ಮೊದಲು ಓಡುವ ಬಯಾಸ್ ತಂತ್ರಾಂಶದಲ್ಲಿ ಮಾಡಿದ ಬದಲಾವಣೆಗಳು ಉಳಿಯದಂತಾದವು. ಕೆಲವು ಯುಎಸ್‌ಬಿಯಿಂದ ಏಳುವುದನ್ನೇ ನಿಲ್ಲಿಸಿದವು. ಡಿಸೆಂಬರ್‌ನಲ್ಲಿ ಆ ಪ್ರತಿಯ ವಿತರಣೆಯನ್ನು ತಡೆಹಿಡಿದು, 2018ರ ಜನವರಿಯಲ್ಲಿ ತಿದ್ದಿದ ಪ್ರತಿಯನ್ನು ಹೊರತಂದರು.

ಕನ್ನಡ ಓದುವವರಿಗೆ ಪರದೆಯ ಅಂದದ ಮೊದಲ ಪರೀಕ್ಷೆ ಒತ್ತಕ್ಷರ. ‘ರಾಷ್ಟ್ರ’ ಎಂಬಲ್ಲಿ ಟ ಒತ್ತೂ ರ ಒತ್ತೂ ತಮ್ಮ ತಮ್ಮ ಜಾಗದಲ್ಲಿ ಕೂರದಿದ್ದರೆ ಕಿಟಕಿಗಳ ನೆರಳು, ಪಾರದರ್ಶಕತೆ ಎಲ್ಲ ವ್ಯರ್ಥ. ಇದನ್ನು ನೋಡಿಕೊಳ್ಳುವ ಹಾರ್ಫ್‌ಬಜ್ ಎಂಬ ಲೈಬ್ರರಿ ಇಂದು ಗ್ನೋಮ್, ಕೆಡಿಇ, ಫೈರ್‌ಫಾಕ್ಸ್ ಎಲ್ಲಕ್ಕೂ ಸಮಾನ ಆಧಾರ. ಯಾವ ಹಳೆಯ ಗ್ರಾಫಿಕ್ಸ್ ಚಿಪ್ಪಿಗೂ ಹೊರೆಯಾಗದ ಅಂದವಿದು.

ಈಗ ಮತ್ತೊಂದು ತಿರುವು ಬಂದಿದೆ. ವಿಂಡೋಸ್ 10ರ ಬೆಂಬಲ ನಿಂತ ತಿಂಗಳಲ್ಲೇ ಹೊರಬಂದ ಉಬುಂಟು 25.10, ತನ್ನ ಗ್ನೋಮ್ ಡೆಸ್ಕ್‌ಟಾಪ್‌ನಿಂದ ಎಕ್ಸ್ ಆಯ್ಕೆಯನ್ನು ತೆಗೆದುಹಾಕಿತು. ಇಂಟೆಲ್, ಎಎಂಡಿ ಗ್ರಾಫಿಕ್ಸ್ ಇರುವವರಿಗೆ ಇದರಿಂದ ದೊಡ್ಡ ತೊಂದರೆ ಆಗಲಾರದು. ಆದರೆ ಎನ್‌ವಿಡಿಯಾ ತನ್ನ ಹಳೆಯ ಕಾರ್ಡುಗಳ ಡ್ರೈವರ್‌ಗಳಿಗೆ ಬೆಂಬಲವನ್ನು ಒಂದೊಂದಾಗಿ ನಿಲ್ಲಿಸುತ್ತ ಬಂದಿರುವುದರಿಂದ, ಅಂಥ ಕಾರ್ಡ್ ಇರುವ ಯಂತ್ರಗಳಿಗೆ ಎಕ್ಸ್‌ಎಫ್‌ಸಿಇ ಅಥವಾ ಮಾಟೆ ಇರುವ, ದೀರ್ಘಾವಧಿ ಬೆಂಬಲದ ಆವೃತ್ತಿಯೇ ಕ್ಷೇಮ. ಮೈಸೂರಾಗಲಿ ಮಂಡ್ಯವಾಗಲಿ, ಒಂದು ಶಾಲೆಯ ಹತ್ತು ಯಂತ್ರಗಳಿಗೆ ಲಿನಕ್ಸ್ ಹಾಕುವವರು ಮೊದಲು ಒಂದನ್ನು ಪೆನ್‌ಡ್ರೈವ್‌ನಿಂದ ಓಡಿಸಿ, ನಿದ್ರೆಯಿಂದ ಎಬ್ಬಿಸಿ, ಪ್ರಿಂಟರ್ ಮತ್ತು ಪ್ರೊಜೆಕ್ಟರ್ ಜೋಡಿಸಿ ನೋಡಬೇಕು. ಏನಾದರೂ ಕೆಟ್ಟರೆ ಚಿಪ್‌ನ ಹೆಸರು ಮತ್ತು ಕರ್ನಲ್ ಆವೃತ್ತಿಯ ಸಮೇತ ಆಯಾ ಯೋಜನೆಗೆ ದೂರು ಬರೆಯಬೇಕು. ನಮ್ಮಲ್ಲಿರುವಂಥ ಯಂತ್ರಗಳು ಡ್ರೈವರ್ ಬರೆಯುವವರ ಮೇಜಿನ ಮೇಲೆ ಈಗ ಇರುವುದಿಲ್ಲ. ಅವುಗಳ ಸ್ಥಿತಿ ಅವರಿಗೆ ತಿಳಿಯುವುದು ಇಂಥ ದೂರುಗಳಿಂದ.