ಒಂದನೇ ಬೀಟಿನಲ್ಲಿ ನುಡಿಯದ ಬೇಸ್

ರಾಕ್ ಸಂಗೀತದಲ್ಲಿ ಪಳಗಿದ ಬೇಸ್ ಗಿಟಾರ್ ವಾದಕರ ಬೆರಳಿಗೆ ಒಂದು ಅಭ್ಯಾಸ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಬಾರ್ (ಲಯದ ಒಂದು ಆವರ್ತ) ಶುರುವಾಗುವ ಒಂದನೇ ಬೀಟಿಗೆ, ಕಾಲಿನಿಂದ ಬಾರಿಸುವ ಕಿಕ್ ಡ್ರಮ್ಮಿನ ಜೊತೆಗೇ, ಕಾರ್ಡಿನ (ಒಟ್ಟಿಗೆ ನುಡಿಯುವ ಸ್ವರಗುಚ್ಛದ) ರೂಟ್, ಅಂದರೆ ಮೂಲ ಸ್ವರ, ಬಿದ್ದುಬಿಡಬೇಕು. ಅದೇ ಬೆರಳು ಲ್ಯಾಟಿನ್ ಕುಣಿತದ ಸಂಗೀತವಾದ ಸಾಲ್ಸಾದ ತಂಡದಲ್ಲಿ ಎಂಟು ಬಾರ್ ಮುಗಿಯುವುದರೊಳಗೆ ದಾರಿ ತಪ್ಪುತ್ತದೆ. ಸ್ವರಗಳೇನೂ ಕಷ್ಟವಲ್ಲ, ಇರುವುದೇ ಎರಡೋ ಮೂರೋ. ಆದರೆ ಕ್ಯೂಬಾದ ಸೋನ್ ಸಂಗೀತದಿಂದ ಬೆಳೆದುಬಂದ ಈ ನಡೆಯಲ್ಲಿ ಬೇಸ್ ಒಂದನೇ ಬೀಟಿಗೆ ಹೊಸ ಸ್ವರ ಮೀಟುವುದೇ ಇಲ್ಲ.

ಈ ನಡೆಯ ಹೆಸರು ತುಂಬಾವೊ. ನಾಲ್ಕು ಬೀಟಿನ ಬಾರನ್ನು ಅರ್ಧರ್ಧವಾಗಿ ಎಣಿಸಿ ನೋಡಿ: ಒಂದು, ಒಂದೂವರೆ, ಎರಡು, ಎರಡೂವರೆ, ಹೀಗೆ ನಾಲ್ಕೂವರೆಯವರೆಗೆ. ಬೇಸ್ ಮೀಟುವುದು ಎರಡೂವರೆಗೆ, ಆಮೇಲೆ ನಾಲ್ಕಕ್ಕೆ. ನಾಲ್ಕರ ಸ್ವರ ಮುಂದಿನ ಬಾರಿನ ಒಂದನ್ನು ದಾಟಿ ನಿಲ್ಲುತ್ತದೆ. ಜೊತೆಗೆ ಅದು ಸೇರಿದ್ದು ಈಗಿನ ಕಾರ್ಡಿಗಲ್ಲ, ಬರಲಿರುವ ಕಾರ್ಡಿಗೆ.

ಎ ಮೈನರ್‌ನಿಂದ ಡಿ ಮೈನರ್‌ಗೆ ಹೋಗುವ ಜಾಗವನ್ನೇ ತೆಗೆದುಕೊಳ್ಳಿ. ಎರಡೂವರೆಗೆ ಎ ಮೈನರಿನ ಫಿಫ್ತ್ (ರೂಟ್‌ನಿಂದ ಐದನೇ ಸ್ವರ) ಆದ ಇ, ಅಂದರೆ ಎ ತಂತಿಯ 7ನೇ ಫ್ರೆಟ್ (ಗಿಟಾರ್ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ). ನಾಲ್ಕಕ್ಕೆ ಅದೇ ತಂತಿಯ 5ನೇ ಫ್ರೆಟ್, ಡಿ. ಪಿಯಾನೊ ಇನ್ನೂ ಎ ಮೈನರ್‌ನಲ್ಲಿ ಇರುವಾಗಲೇ ಬೇಸ್ ಡಿ ಮೈನರ್ ತಲುಪಿಯಾಗಿರುತ್ತದೆ. ಮುಂದಿನ ಎರಡೂವರೆಗೆ ಇ ತಂತಿಯ 5ನೇ ಫ್ರೆಟ್, ಡಿ ಮೈನರಿನ ಫಿಫ್ತ್ ಆದ ಎ. ಕೈ 5ರಿಂದ 7ನೇ ಫ್ರೆಟ್ಟಿನ ನಡುವೆಯೇ ಇದ್ದರೆ ಸಾಕು. ಹೊಸಬರು ಸಾಮಾನ್ಯವಾಗಿ ನಾಲ್ಕನ್ನು ಸರಿಯಾದ ಜಾಗದಲ್ಲೇ ಮೀಟುತ್ತಾರೆ, ಆದರೆ ಹಳೆಯ ಕಾರ್ಡಿನ ರೂಟ್ ಇಟ್ಟುಬಿಡುತ್ತಾರೆ. ಆಗ ಆ ಸ್ವರ ಹೊಸ ಬಾರಿನೊಳಕ್ಕೆ ಎಳೆದು, ಎಷ್ಟೋ ಕಡೆ ಪಿಯಾನೊ ಜೊತೆ ಕಚ್ಚಾಡುತ್ತದೆ. ಹಾಡಿನ ಮೊಟ್ಟಮೊದಲ ಬಾರಿಗೆ ಮಾತ್ರ ರಿಯಾಯಿತಿ ಉಂಟು: ಹಿಂದಿನಿಂದ ಎಳೆದು ತರಲು ಸ್ವರವೇ ಇಲ್ಲವಾದ್ದರಿಂದ ಅಲ್ಲಿ ಒಂದಕ್ಕೇ ಮೀಟಬಹುದು.

ಎರಡೂವರೆ ಮತ್ತು ನಾಲ್ಕೇ ಏಕೆ? ಸಾಲ್ಸಾದ ಬೆನ್ನೆಲುಬು ಕ್ಲಾವೆ, ಎರಡು ಬಾರುಗಳಲ್ಲಿ ಹರಡಿದ ಐದು ಪೆಟ್ಟು. ಅದರ ಮೂರು ಪೆಟ್ಟಿನ ಬಾರಿನಲ್ಲಿ ಪೆಟ್ಟು ಬೀಳುವುದು ಒಂದು, ಎರಡೂವರೆ, ನಾಲ್ಕಕ್ಕೆ. ಎರಡು ಪೆಟ್ಟಿನ ಬಾರಿನಲ್ಲಿ ಎರಡು ಮತ್ತು ಮೂರಕ್ಕೆ. ತುಂಬಾವೊ ಹಿಡಿದಿರುವುದು ಮೂರು ಪೆಟ್ಟಿನ ಬಾರಿನ ಕೊನೆಯ ಎರಡನ್ನು. ಕೈಯಿಂದ ಬಾರಿಸುವ ಎತ್ತರದ ಡೋಲು ಕಾಂಗಾದ ತೆರೆದ ಪೆಟ್ಟೂ ನಾಲ್ಕಕ್ಕೇ ಬರುತ್ತದೆ. ಬೇಸಿಗೆ ಇಲ್ಲಿ ಕಿಕ್ ಡ್ರಮ್ ಜೋಡಿಯಲ್ಲ, ಕಾಂಗಾ ಜೋಡಿ. ಹವಾನಾದ ಬೇಸ್ ವಾದಕ ಇಸ್ರಾಯೆಲ್ ‘ಕಚಾವೊ’ ಲೋಪೆಸ್ (1918–2008) ತಮ್ಮ ಅಣ್ಣ ಒರೆಸ್ಟೆಸ್ ಜೊತೆ ಸೇರಿ 1930ರ ದಶಕದ ಕೊನೆಯಲ್ಲಿ ದಾನ್ಸೋನ್ ಎಂಬ ಕ್ಯೂಬಾದ ಕುಣಿತದ ಕೃತಿಗಳ ಕೊನೆಯ ಭಾಗಕ್ಕೆ ಇಂಥ ಬೀಟು ತಪ್ಪಿಸಿ ಬರುವ ಲಯವನ್ನು ತುಂಬಿದರು. ಮ್ಯಾಂಬೊ ಎಂಬ ಕುಣಿತದ ಸಂಗೀತ ಹುಟ್ಟಿದ್ದು ಹಾಗೆ.

ದೊಡ್ಡ ಅಪಾಯವಿರುವುದು ಕಿವಿಯಲ್ಲಿ. ಭಾರವಾದ ಸದ್ದು ಎಲ್ಲಿ ಬೀಳುತ್ತದೋ ಅದೇ ಶುರು ಎಂದು ಮಿದುಳು ಬೇಗ ತೀರ್ಮಾನಿಸುತ್ತದೆ. ಕೆಲವೇ ಬಾರುಗಳಲ್ಲಿ ನಾಲ್ಕು ಒಂದಾಗಿ ಕೇಳಿಸತೊಡಗಿ, ಇಡೀ ಹಾಡು ಒಂದು ಬೀಟು ಪಕ್ಕಕ್ಕೆ ಸರಿಯುತ್ತದೆ. ತಪ್ಪಿದ್ದು ವಾದಕರಿಗೆ ಗೊತ್ತೇ ಆಗುವುದಿಲ್ಲ, ಕುಣಿಯುವವರ ಕಾಲಿಗೆ ಮೊದಲು ಗೊತ್ತಾಗುತ್ತದೆ. ಇದಕ್ಕೆ ಮದ್ದು ಕಾಲಿನಲ್ಲೇ ಇದೆ. ಒಂದು ಮತ್ತು ಮೂರಕ್ಕೆ ಪಾದ ತಟ್ಟಿ, ಗಿಟಾರ್ ಮುಟ್ಟದೆ ಬಾಯಲ್ಲಿ ‘ಎರಡೂವರೆ, ನಾಲ್ಕು’ ಹೇಳಿಕೊಳ್ಳಿ. ಮೆಟ್ರೊನೋಮನ್ನು (ಟಿಕ್ ಟಿಕ್ ಎಂದು ಲಯ ಕೊಡುವ ಸಾಧನ) ನಿಮಿಷಕ್ಕೆ 60 ಟಿಕ್ಕಿಗೆ ಇಟ್ಟು, ಪ್ರತಿ ಟಿಕ್ಕಿಗೆ ಎರಡು ಬೀಟು ಎಂದು ಎಣಿಸಿ. ಪಾದ ತಾನಾಗಿ ನಡೆಯತೊಡಗಿದ ಮೇಲೆ ತಂತಿ ಮುಟ್ಟಿ, ವೇಗವನ್ನು ಸ್ವಲ್ಪ ಸ್ವಲ್ಪವೇ ಏರಿಸಿ. 90 ತಲುಪಿದರೆ ನಿಮಿಷಕ್ಕೆ 180 ಬೀಟು, ಸಾಲ್ಸಾ ತಂಡಗಳು ನಿಜಕ್ಕೂ ನುಡಿಸುವ ವೇಗ.

ಆ ವೇಗದಲ್ಲಿ ಅರ್ಧ ಬೀಟು ಎಂದರೆ 167 ಮಿಲಿಸೆಕೆಂಡ್. ಬೇಸಿನ ಖಾಲಿ ಇ ತಂತಿ ಸೆಕೆಂಡಿಗೆ 41.2 ಸಲ ಕಂಪಿಸುವುದರಿಂದ ಒಂದು ಕಂಪನಕ್ಕೆ ಸುಮಾರು 24 ಮಿಲಿಸೆಕೆಂಡ್ ಬೇಕು. ಅರ್ಧ ಬೀಟಿನಲ್ಲಿ ಅದು ಸುಮಾರು ಏಳೇ ಸಲ ಅಲುಗಾಡಿ ಮುಗಿಯುತ್ತದೆ! ಕಿವಿಗೆ ಶ್ರುತಿ ಸ್ಪಷ್ಟವಾಗಲು ಕೆಲವು ಕಂಪನಗಳು ಬೇಕೇ ಬೇಕು. ಹಾಗಾಗಿ ಇಲ್ಲಿ ಲಯವನ್ನು ಹೊರುವುದು ಸ್ವರದ ಶ್ರುತಿಗಿಂತ ಅದರ ಆರಂಭದ ಹೊಡೆತ. ಇನ್ನೊಂದು ಸಂಗತಿ: ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಮಂದ್ರ ಸ್ವರವನ್ನೂ ಒಂದು ಎತ್ತರದ ಸ್ವರವನ್ನೂ ಒಟ್ಟಿಗೆ ಕೇಳಿಸುತ್ತಾ, ಆಗಾಗ ಎರಡರಲ್ಲೊಂದನ್ನು 50 ಮಿಲಿಸೆಕೆಂಡ್ ಮುಂಚೆ ಬಿಟ್ಟರು. ಮಂದ್ರ ಸ್ವರ ಮುಂಚೆ ಬಂದಾಗಲೇ ಮಿದುಳಿನ ಪ್ರತಿಕ್ರಿಯೆ ಹೆಚ್ಚು ತೀವ್ರವಾಗಿತ್ತು. ಬೇಸ್ ಕಾಲ ತಪ್ಪಿದರೆ ತಂಡವೇ ತಪ್ಪಿದಂತೆ ಕೇಳುವುದು ಸುಮ್ಮನೆ ಅಲ್ಲ.

ವೇದಿಕೆಯಲ್ಲಿ ಬೇಸ್ ವಾದಕರು ಕಾಂಗಾ ಪಕ್ಕದಲ್ಲೇ ನಿಲ್ಲಬೇಕು. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ, 7 ಮೀಟರ್ ದೂರದ ಕಾಂಗಾ 20 ಮಿಲಿಸೆಕೆಂಡ್ ತಡವಾಗಿ ಕೇಳಿಸುತ್ತದೆ. ಅದನ್ನು ನೋಡಿಕೊಂಡು ಬೇಸ್ ನಿಧಾನಿಸಿದರೆ, ಬೇಸ್ ನೋಡಿಕೊಂಡು ಕಾಂಗಾ ಇನ್ನಷ್ಟು ನಿಧಾನಿಸುತ್ತದೆ.

ಮೀಟುವುದರಷ್ಟೇ ನಿಲ್ಲಿಸುವುದೂ ಮುಖ್ಯ. ಎರಡೂವರೆಯ ಸ್ವರ ನಾಲ್ಕರವರೆಗೂ ಗುಂಯ್‌ಗುಟ್ಟಿದರೆ ನಾಲ್ಕಕ್ಕೆ ಒತ್ತು ಸಿಗದು. ಅನೇಕ ಲ್ಯಾಟಿನ್ ತಂಡಗಳು 1960ರ ದಶಕದ ಆ್ಯಂಪೆಗ್ ಬೇಬಿ ಬೇಸನ್ನು ಅಪ್ಪಿಕೊಂಡದ್ದು ಈ ಕಾರಣಕ್ಕೇ. ನಿಲ್ಲಿಸಿ ನುಡಿಸುವ ಆ ವಿದ್ಯುತ್ ಬೇಸಿನಲ್ಲಿ ಸ್ವರ ದಪ್ಪಗೆ ‘ಧಂ’ ಎಂದು ಬಿದ್ದು ಬೇಗ ಅಡಗುತ್ತದೆ. ಸಾಮಾನ್ಯ ಬೇಸ್ ಗಿಟಾರಿನಲ್ಲಿ ಅದರ ಹತ್ತಿರ ಹೋಗಬೇಕಾದರೆ ನುಣುಪು ಸುತ್ತಿನ ಫ್ಲ್ಯಾಟ್‌ವೂಂಡ್ ತಂತಿ ಹಾಕಿ, ಬ್ರಿಡ್ಜ್ (ತಂತಿಗಳು ಕೂರುವ ತಳದ ಆಧಾರ) ಬಳಿ ತಂತಿಗಳ ಅಡಿಗೆ ತೆಳು ಸ್ಪಂಜು ತುರುಕಿ, ಫ್ರೆಟ್‌ಬೋರ್ಡಿನ ತುದಿಯ ಬಳಿ ಮೀಟಬೇಕು.

ಬ್ರೆಜಿಲಿನ ಬಾಸಾ ನೋವಾ ಸಂಗೀತಕ್ಕೆ ಬಂದರೆ ಒಂದನೇ ಬೀಟು ಮರಳಿ ಬರುತ್ತದೆ: ಒಂದಕ್ಕೆ ರೂಟ್, ಮೂರಕ್ಕೆ ಫಿಫ್ತ್, ಎರಡೂವರೆ ಮತ್ತು ನಾಲ್ಕೂವರೆಗೆ ಚಿಕ್ಕ ತಳ್ಳು. ಅಲ್ಲಿನದೇ ಆದ ಸಾಂಬಾದ ಎರಡು ಬೀಟಿನ ಬಾರಿನಲ್ಲಿ ಸುರ್ದು ಡೋಲಿನಂತೆ ಎರಡನೆಯದಕ್ಕೆ ಭಾರ. ಮೊದಲನೆಯದನ್ನು ಜೋರು ಮಾಡಿದರೆ ಕವಾಯತಿನ ಸಂಗೀತವಾಗುತ್ತದೆ. ಎಲ್ಲಕ್ಕಿಂತ ಎಡವಿಸುವುದು ನಿಧಾನಗತಿಯ ಪ್ರೇಮಗೀತೆಯಾದ ಬೊಲೆರೊ. ಅದೂ ಕ್ಯೂಬಾದ್ದೇ, ಸಾಲ್ಸಾ ಹಾಡುಗಳ ನಡುವೆಯೇ ಬರುತ್ತದೆ, ಆದರೆ ಅಲ್ಲಿ ಬೇಸ್ ಒಂದಕ್ಕೆ ಮೀಟಿ ಎರಡು ಬೀಟು ಹಿಡಿದು, ಮೂರು ಮತ್ತು ನಾಲ್ಕಕ್ಕೆ ಮತ್ತೆ ಮೀಟುತ್ತದೆ. ಅಷ್ಟು ಹೊತ್ತಿಗೆ ಬೆರಳು ನಾಲ್ಕಕ್ಕೆ ಮುಂದಿನ ಕಾರ್ಡು ಹಿಡಿಯುವುದಕ್ಕೆ ಒಗ್ಗಿಹೋಗಿರುತ್ತದೆ. ಬೊಲೆರೊ ಶುರುವಾಗುವ ಮುನ್ನ ‘ಒಂದು, ಮೂರು, ನಾಲ್ಕು’ ಎಂದು ಎರಡು ಬಾರ್ ಬಾಯಲ್ಲಿ ಎಣಿಸಿಕೊಂಡರೆ ಕೈ ದಾರಿಗೆ ಬರುತ್ತದೆ.