ಮನೆ ಹಿಂದಿನ ಗುಡ್ಡ ಮಿಡ್‌ಪೆನ್‌ದು: ನಾಳೆ ನಮ್ಮ ಹಿತ್ತಲಿಗೂ ಕೈ ಹಾಕ್ತಾರಾ?

ಓದುಗರ ಪ್ರಶ್ನೆ: ಕ್ಯಾಲಿಫೋರ್ನಿಯಾದ ಸಾರಟೋಗದಲ್ಲಿ ಒಂದು ಮನೆ ನೋಡಿದ್ದೇವೆ. ಹಿತ್ತಲ ಬೇಲಿಯ ಆಚೆಗೆ ಮಿಡ್‌ಪೆನ್ ಸಂಸ್ಥೆಯ ಗುಡ್ಡ. ಅದು ಸರ್ಕಾರಿ ಸಂಸ್ಥೆ, ಮನಸ್ಸು ಮಾಡಿದರೆ ಅಕ್ಕಪಕ್ಕದ ಜಾಗ ವಶಪಡಿಸಿಕೊಳ್ಳುತ್ತೆ ಅಂತ ಒಬ್ಬರು ಹೆದರಿಸಿದರು. ನಿಜವಾ? ಪಕ್ಕದ ಖಾಲಿ ಜಾಗದಲ್ಲಿ ಯಾರಾದರೂ ದೊಡ್ಡ ಬಂಗಲೆ ಕಟ್ಟಲು ಹೊರಟರೆ ಇವರು ತಡೆಯುತ್ತಾರಾ?

ಕೂಪರ್ಟಿನೊ, ಸಾರಟೋಗ, ಲಾಸ್ ಆಲ್ಟೋಸ್ ಕಡೆ ಮನೆ ಹುಡುಕುವ ಕನ್ನಡದವರಿಂದ ಆಗಾಗ ಬರುವ ಪ್ರಶ್ನೆ ಇದು. ಮೊದಲೇ ಹೇಳಿಬಿಡುತ್ತೇನೆ. ಜಾಗ ವಶಪಡಿಸಿಕೊಳ್ಳುವ ಅಧಿಕಾರ ಕಾನೂನಿನಲ್ಲಿ ಇದೆ, ಆದರೆ ನಿಮ್ಮ ಹಿತ್ತಲಿನ ತನಕ ಅದು ಬರುವ ಸಂಭವ ತೀರಾ ಕಮ್ಮಿ. ಪಕ್ಕದವರ ಬಂಗಲೆ ತಡೆಯುವ ಅಧಿಕಾರವಂತೂ ಇವರಿಗೆ ಇಲ್ಲವೇ ಇಲ್ಲ. ಜನ ನಂಬಿರುವುದು ಸಾಮಾನ್ಯವಾಗಿ ಇದಕ್ಕೆ ಪೂರ್ತಿ ಉಲ್ಟಾ.

ಮಿಡ್‌ಪೆನ್‌ನ ಪೂರ್ತಿ ಹೆಸರು ಮಿಡ್‌ಪೆನಿನ್ಸುಲಾ ರೀಜನಲ್ ಓಪನ್ ಸ್ಪೇಸ್ ಡಿಸ್ಟ್ರಿಕ್ಟ್. ಇದು ಟ್ರಸ್ಟ್ ಅಲ್ಲ, ಎನ್‌ಜಿಒ ಕೂಡ ಅಲ್ಲ. ಪೆನಿನ್ಸುಲಾ ಓಪನ್ ಸ್ಪೇಸ್ ಟ್ರಸ್ಟ್ ಅಂತ ಇನ್ನೊಂದಿದೆ. ಅದು ಖಾಸಗಿ, ದೇಣಿಗೆ ಹಣದಿಂದ ಜಾಗ ಕೊಳ್ಳುತ್ತದೆ, ಎಷ್ಟೋ ಸಲ ಕೊಂಡದ್ದನ್ನು ಮಿಡ್‌ಪೆನ್‌ಗೇ ದಾಟಿಸುತ್ತದೆ. ಎರಡನ್ನೂ ಒಂದೇ ಅಂದುಕೊಳ್ಳುವವರು ಬಹಳ. ಮಿಡ್‌ಪೆನ್ ಮಾತ್ರ ಗುಡ್ಡಗಾಡನ್ನು ತೆರೆದ ಜಾಗವಾಗಿ ಉಳಿಸಲೆಂದು 1972ರ ನವೆಂಬರ್‌ನಲ್ಲಿ ಮತದಾರರೇ ಹುಟ್ಟುಹಾಕಿದ ಸರ್ಕಾರಿ ಸಂಸ್ಥೆ. ಏಳು ವಾರ್ಡು, ಏಳು ಚುನಾಯಿತ ನಿರ್ದೇಶಕರು, ನಾಲ್ಕು ವರ್ಷದ ಅವಧಿ. ಕೈಯಲ್ಲಿರುವ ಜಾಗ ಸುಮಾರು 70,000 ಎಕರೆ.

ಇವರ ಅಧಿಕಾರ ಯಾಕೆ ಹೀಗಿದೆ ಅಂತ ತಿಳಿಯಬೇಕಾದರೆ ಪಾಲೊ ಆಲ್ಟೊದ ಹಳೇ ಕಥೆ ಗೊತ್ತಿರಬೇಕು. 1960ರ ದಶಕದಲ್ಲಿ ಆ ಊರಿನ ಹಿಂದಿನ ಗುಡ್ಡಗಳ ಮೇಲೆ ಮನೆಗಳು ಏಳುವ ಮಾತು ಜೋರಾಗಿತ್ತು. ನಗರಸಭೆ ಸಲಹೆಗಾರರಿಂದ ಲೆಕ್ಕ ಹಾಕಿಸಿತು. ಬಂದ ಉತ್ತರ ವಿಚಿತ್ರವಾಗಿತ್ತು: ಗುಡ್ಡದ ಮೇಲೆ ಮನೆಗಳಾಗಿ, ಅವಕ್ಕೆ ರಸ್ತೆ, ನೀರು, ಶಾಲೆ ಒದಗಿಸುವುದಕ್ಕಿಂತ ಆ ಜಾಗವನ್ನೇ ಕೊಂಡು ಸುಮ್ನೆ ಇಟ್ಟುಕೊಳ್ಳುವುದೇ ನಗರಕ್ಕೆ ಅಗ್ಗ! ಆದರೆ ನಗರಸಭೆ ಬೇರೆ ದಾರಿಯನ್ನೂ ಹಿಡಿಯಿತು. ಜಾಗ ಕೊಳ್ಳದೆ, ಝೋನಿಂಗ್ (ಎಲ್ಲಿ ಏನು, ಎಷ್ಟು ಕಟ್ಟಬಹುದು ಅನ್ನುವ ನಿಯಮ) ಬಿಗಿ ಮಾಡಿ, ಹತ್ತು ಎಕರೆಗೆ ಒಂದೇ ಮನೆ ಎಂದಿತು. ಭೂಮಾಲೀಕರು ಕೋರ್ಟಿಗೆ ಹೋದರು. 1975ರಲ್ಲಿ ಫೆಡರಲ್ ನ್ಯಾಯಾಲಯದ ತೀರ್ಪು ನಗರದ ವಿರುದ್ಧ ಬಂತು. ಕೊನೆಗೆ ಸುಮಾರು 75 ಲಕ್ಷ ಡಾಲರ್ ಕೊಟ್ಟು 500 ಚಿಲ್ಲರೆ ಎಕರೆ ಕೊಳ್ಳಬೇಕಾಯಿತು. ಇವತ್ತು ನೀವು ನಡೆದಾಡುವ ಅರಾಸ್ಟ್ರಡೇರೊ ಪ್ರಿಸರ್ವ್ (ಮನೆ ಕಟ್ಟದೆ ಕಾಯ್ದಿಟ್ಟ ಸಾರ್ವಜನಿಕ ಜಾಗ) ಅದೇ ಜಾಗ.

ನೊನೆಟ್ ಹ್ಯಾಂಕೊ ಮತ್ತು ಅವರ ಜೊತೆಗಾರರು ಓಡಾಡಿ ಕಟ್ಟಿಸಿದ ಮಿಡ್‌ಪೆನ್ ಮೊದಲಿಂದಲೂ ಹಿಡಿದದ್ದು ಇನ್ನೊಂದು ದಾರಿಯನ್ನು. ಬೇರೆಯವರ ಜಾಗದಲ್ಲಿ ಏನು ಮಾಡಬಾರದು ಅಂತ ಹೇಳುವ ಸಂಸ್ಥೆ ಇದಲ್ಲ, ಜಾಗ ಕೊಂಡು ಮಾಲೀಕನಾಗುವ ಸಂಸ್ಥೆ. ರಾಜ್ಯದ ಸಾರ್ವಜನಿಕ ಸಂಪನ್ಮೂಲ ಸಂಹಿತೆಯ 5500ನೇ ಸೆಕ್ಷನ್‌ನಿಂದ ಶುರುವಾಗುವ ಭಾಗದಲ್ಲಿ ಇದರ ಅಧಿಕಾರಗಳಿವೆ. ಕೊಳ್ಳಬಹುದು, ದಾನ ಪಡೆಯಬಹುದು, ಗುತ್ತಿಗೆಗೆ ಕೊಡಬಹುದು, ತನ್ನ ಜಾಗಕ್ಕೆ ನಿಯಮ ಮಾಡಬಹುದು, ಮತದಾರರು ಒಪ್ಪಿದರೆ ಬಾಂಡ್ ಮೂಲಕ ಸಾಲ ಎತ್ತಬಹುದು. ಝೋನಿಂಗ್ ಮತ್ತು ಕಟ್ಟಡದ ಪರ್ಮಿಟ್ ಈ ಪಟ್ಟಿಯಲ್ಲಿಲ್ಲ. ಅವು ನಗರದ ಕೈಯಲ್ಲಿವೆ, ನಗರದ ಗಡಿಯ ಆಚೆಗಾದರೆ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತದ) ಕೈಯಲ್ಲಿ.

ಹಾಗಾಗಿ ಬಂಗಲೆಯ ಪ್ರಶ್ನೆ ಇಲ್ಲೇ ಮುಗಿಯಿತು. ನಿಮ್ಮ ಪಕ್ಕದವರು ಅರ್ಜಿ ಹಾಕಿದರೆ ಮಿಡ್‌ಪೆನ್ ಮಾಡಬಹುದಾದದ್ದು ನೀವು ಮಾಡಬಹುದಾದದ್ದೇ: ಆಕ್ಷೇಪಣೆ ಬರೆಯುವುದು, ಸಭೆಗೆ ಹೋಗಿ ಮೂರು ನಿಮಿಷ ಮಾತಾಡುವುದು. ಕೂಪರ್ಟಿನೊ ಮೇಲಿನ ಪರ್ಮನೆಂಟೆ ಕಲ್ಲುಗಣಿಯನ್ನೇ ನೋಡಿ. ವಾರಾಂತ್ಯದಲ್ಲಿ ನಮ್ಮವರಿಂದಲೇ ಪಾರ್ಕಿಂಗ್ ತುಂಬಿಹೋಗುವ, ಮಿಡ್‌ಪೆನ್‌ನದೇ ಆದ ರ‍್ಯಾಂಚೊ ಸ್ಯಾನ್ ಆಂಟೋನಿಯೊ ಪ್ರಿಸರ್ವ್‌ಗೆ ಅದು ತಾಗಿಕೊಂಡೇ ಇದೆ. 2019ರಲ್ಲಿ ಗಣಿ ವಿಸ್ತರಿಸಲು ಅರ್ಜಿ ಹೋಗಿದ್ದು ಸಾಂತಾ ಕ್ಲಾರಾ ಕೌಂಟಿಗೆ. ಮಿಡ್‌ಪೆನ್ ವಿರೋಧ ಸಲ್ಲಿಸಿತು, ಅಷ್ಟೇ. ಗುಡ್ಡದ ನೆತ್ತಿಯನ್ನು ಕಡಿಯದಂತೆ ಇರುವ 1972ರ ಒಪ್ಪಂದದ ಹಕ್ಕು ಕೂಡ ಇರುವುದು ಕೌಂಟಿಯ ಹತ್ತಿರ, ಇವರ ಹತ್ತಿರ ಅಲ್ಲ. ಹತ್ತಾರು ಸಾವಿರ ಎಕರೆ ಆಳುವ ಸಂಸ್ಥೆಗೆ ಬೇಲಿ ದಾಟಿದರೆ ಇರುವ ಬಲ ಇಷ್ಟು.

ಈಗ ನಿಮ್ಮ ನಿಜವಾದ ಹೆದರಿಕೆಗೆ ಬರೋಣ. ಬಿಡಿಎ, ಕೆಐಎಡಿಬಿ ನೋಟಿಫಿಕೇಷನ್ ಕಂಡ ಮನೆಯಲ್ಲಿ ಬೆಳೆದವರಿಗೆ ಈ ಭಯ ಸಹಜ. ಒಂದು ದಿನ ಸರ್ವೆ ನಂಬರ್ ಪಟ್ಟಿಯಲ್ಲಿ ಅಪ್ಪನ ಜಮೀನು ಕಾಣಿಸಿಕೊಳ್ಳುತ್ತದೆ, ಪರಿಹಾರಕ್ಕೆ ವರ್ಷಗಟ್ಟಲೆ ಅಲೆದಾಟ. ಮಿಡ್‌ಪೆನ್‌ಗೂ ಭೂಸ್ವಾಧೀನದ ಅಧಿಕಾರ ಇದೆ. ಆದರೆ ಅದನ್ನು ಬಳಸುವುದು ಕ್ಯಾಲಿಫೋರ್ನಿಯಾದಲ್ಲಿ ಸುಲಭವಲ್ಲ.

ಮೊದಲು ಮೌಲ್ಯಮಾಪನ ಮಾಡಿಸಿ, ಆ ಬೆಲೆಗೆ ಕಮ್ಮಿಯಿಲ್ಲದ ಆಫರ್ ಕೊಡಬೇಕು. ನೀವು ಬೇರೆ ಮೌಲ್ಯಮಾಪಕರನ್ನು ಹಿಡಿದರೆ ಅದರ ಖರ್ಚನ್ನು 5,000 ಡಾಲರ್ ತನಕ ಕೊಡಲು ಸಂಸ್ಥೆಯೇ ಮುಂದಾಗಬೇಕು. ಒಪ್ಪಂದ ಆಗದಿದ್ದರೆ ನಿಮಗೆ ನೋಟಿಸ್ ಕೊಟ್ಟು, ಬಹಿರಂಗ ಸಭೆಯಲ್ಲಿ ನಿರ್ಣಯ ಮಾಡಬೇಕು. ಆ ನಿರ್ಣಯಕ್ಕೆ ಮಂಡಳಿಯ ಒಟ್ಟು ಸದಸ್ಯರಲ್ಲಿ ಮೂರರಲ್ಲಿ ಎರಡು ಪಾಲು ಬೇಕು. ಅಂದರೆ ಏಳರಲ್ಲಿ ಐದು ಮತ. ಇಬ್ಬರು ಗೈರಾದರೆ ಬಂದವರೆಲ್ಲ ಹೌದು ಅನ್ನಬೇಕು. ಯೋಜನೆ ಬೇಕೇಬೇಕು, ಖಾಸಗಿಯವರಿಗೆ ಆದಷ್ಟು ಕಮ್ಮಿ ತೊಂದರೆ ಆಗುವಂತೆ ರೂಪಿಸಿದ್ದೇವೆ, ಇದೇ ಜಾಗ ಅಗತ್ಯ ಅಂತಲೂ ಅದರಲ್ಲಿ ದಾಖಲಿಸಬೇಕು. ಆಮೇಲೆ ಕೋರ್ಟು. ಪರಿಹಾರ ಎಷ್ಟು ಅನ್ನುವುದನ್ನು ಅಧಿಕಾರಿ ತೀರ್ಮಾನಿಸುವುದಿಲ್ಲ. ನೀವು ಬೇಡ ಅನ್ನದ ಹೊರತು ಜ್ಯೂರಿ ತೀರ್ಮಾನಿಸುತ್ತದೆ, ಅಂದರೆ ನಿಮ್ಮಂಥ ಸಾಮಾನ್ಯ ಜನ. ಊರಿನ ಭೂಸ್ವಾಧೀನಕ್ಕೂ ಇಲ್ಲಿಯದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು ಅಂತ ನನ್ನ ಅನಿಸಿಕೆ.

ಕಾಲು ಎಕರೆ ಹಿತ್ತಲಿಗೋಸ್ಕರ ಇಷ್ಟೆಲ್ಲ ಯಾರು ಮಾಡುತ್ತಾರೆ? ಹಾಗಂತ ಈ ಅಸ್ತ್ರವನ್ನು ಬಳಸಿಯೇ ಇಲ್ಲ ಅನ್ನುವಂತಿಲ್ಲ. ಸ್ಯಾನ್ ಹೋಸೆಯಿಂದ ದಕ್ಷಿಣಕ್ಕೆ ನೋಡಿದರೆ ಬೆಟ್ಟದ ತುದಿಯಲ್ಲಿ ಚೌಕಾಕಾರದ ಕಾಂಕ್ರೀಟ್ ಗೋಪುರ ಕಾಣುತ್ತದಲ್ವಾ, ಅದು ಮೌಂಟ್ ಉಮುನಮ್. 3,486 ಅಡಿ ಎತ್ತರ. ವಾಯುಪಡೆಯ ರಾಡಾರ್ ನೆಲೆ ಮುಚ್ಚಿದ ಮೇಲೆ 1986ರಲ್ಲಿ ಮಿಡ್‌ಪೆನ್ ಆ ನೆತ್ತಿಯನ್ನು ಕೊಂಡಿತು. ಸಾರ್ವಜನಿಕರಿಗೆ ತೆರೆದದ್ದು 2017ರ ಸೆಪ್ಟೆಂಬರ್‌ನಲ್ಲಿ. ನಡುವೆ ಮೂವತ್ತು ವರ್ಷ! ಹಳೆ ಕಟ್ಟಡಗಳ ಕಲ್ನಾರು, ಸೀಸ ತೆಗೆಸಬೇಕಿತ್ತು, ದುಡ್ಡು ಹೊಂದಿಸಬೇಕಿತ್ತು. ಮೇಲಕ್ಕೆ ಹೋಗುವ ರಸ್ತೆ ಬೇರೆ ಖಾಸಗಿ ಜಾಗಗಳ ಮೇಲೆ ಹಾದುಹೋಗುತ್ತಿತ್ತು. ಮಾತುಕತೆ ಮುರಿದುಬಿದ್ದ ಕಡೆ, ರಸ್ತೆಯ ಹಕ್ಕಿಗಾಗಿ ಮಂಡಳಿ ಕೊನೆಗೆ ಭೂಸ್ವಾಧೀನದ ದಾರಿ ಹಿಡಿಯಿತು. ಇದರಿಂದ ತಿಳಿಯುವುದು ಏನೆಂದರೆ, ಪ್ರಿಸರ್ವ್‌ಗೆ ಹೋಗುವ ಒಂದೇ ದಾರಿ ನಿಮ್ಮ ಜಾಗದ ಮೇಲೆ ಹೋಗುತ್ತಿದ್ದರೆ ಎಚ್ಚರದಿಂದಿರಿ. ಟೈಟಲ್ ರಿಪೋರ್ಟ್‌ನಲ್ಲಿ ಈಸ್‌ಮೆಂಟ್‌ಗಳ (ನಿಮ್ಮ ಜಾಗದ ಮೇಲೆ ಬೇರೆಯವರಿಗೆ ಇರುವ ದಾರಿಯಂಥ ಹಕ್ಕುಗಳ) ಪುಟವನ್ನು ಲಾಯರ್ ಕೈಲಿ ಓದಿಸಿ. ಸುಮ್ಮನೆ ಬೇಲಿ ಹಂಚಿಕೊಂಡಿರುವವರಿಗೆ ಈ ತಲೆನೋವು ಇಲ್ಲ.

ಹಾಫ್ ಮೂನ್ ಬೇ ಕಡೆ ನೋಡುತ್ತಿರುವವರಿಗೆ ಚಿಂತೆ ಇನ್ನೂ ಕಮ್ಮಿ. 2004ರಲ್ಲಿ ಸ್ಯಾನ್ ಮಟಿಯೊ ಕೌಂಟಿಯ ಕಡಲ ಭಾಗವನ್ನು ಸೇರಿಸಿಕೊಳ್ಳುವಾಗ ಅಲ್ಲಿನ ರೈತರು ಇದೇ ಭಯದಿಂದ ತಕರಾರು ತೆಗೆದರು. ಹಾಗಾಗಿ ಆ ಭಾಗದಲ್ಲಿ ಮಿಡ್‌ಪೆನ್ ಭೂಸ್ವಾಧೀನ ಮಾಡುವಂತಿಲ್ಲ ಅಂತ ರಾಜ್ಯದ ಕಾನೂನಿನಲ್ಲೇ, 5572.2ನೇ ಸೆಕ್ಷನ್‌ನಲ್ಲಿ, ಬರೆದಿಟ್ಟಿದ್ದಾರೆ. ಮಾಲೀಕರು ಮಾರಲು ಒಪ್ಪಿದರೆ ಮಾತ್ರ ಕೊಳ್ಳಬಹುದು.

ಯಾರೂ ಅಷ್ಟಾಗಿ ಕೇಳದ, ಆದರೆ ಬೇಲಿ ಪಕ್ಕದವರಿಗೆ ತುಂಬ ಮುಖ್ಯವಾದ ಒಂದು ವಿಷಯ ಇದೆ: ಒಮ್ಮೆ ಕೊಂಡ ಜಾಗವನ್ನು ಇವರು ಮಾರಬಹುದಾ? ತೆರೆದ ಜಾಗವಾಗಿಯೇ ಉಳಿಸುತ್ತೇವೆ ಅಂತ ಮಂಡಳಿ ವಿಧಿವತ್ತಾಗಿ ಮುಡಿಪಿಟ್ಟು, ಹಾಗೆಯೇ ಬಳಸುತ್ತಿರುವ ಜಾಗವನ್ನು ಮಾರಬೇಕಾದರೆ 5540ನೇ ಸೆಕ್ಷನ್ ಪ್ರಕಾರ, ಕೆಲವು ವಿನಾಯಿತಿ ಬಿಟ್ಟರೆ, ಮತದಾರರ ಬಹುಮತ ಬೇಕು. ಬೋರ್ಡ್ ಮೀಟಿಂಗಿನಲ್ಲಿ ಒಂದು ಸಾಲಿನ ಆದೇಶದಿಂದ ಡಿನೋಟಿಫೈ ಮಾಡುವ ಆಟ ಇಲ್ಲಿ ನಡೆಯದು. ನಮ್ಮ ಸದಾಶಿವನಗರದಲ್ಲಿ ಪಾರ್ಕಿಗೆ ಮೀಸಲಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟದ್ದು ರದ್ದಾಗಲು ನೆರೆಹೊರೆಯವರು ಸುಪ್ರೀಂ ಕೋರ್ಟ್ ತನಕ ಹೋರಾಡಬೇಕಾಯಿತು, ತೀರ್ಪು ಬಂದಿದ್ದು 1991ರಲ್ಲಿ. ಆದರೆ ಒಂದು ಸೂಕ್ಷ್ಮ ಗಮನಿಸಿ. ಕೊಂಡ ಜಾಗವನ್ನೆಲ್ಲ ಕೂಡಲೇ ಮುಡಿಪಿಡುವುದಿಲ್ಲ. ಮುಂದೆ ಗಡಿ ಸರಿಮಾಡಿಕೊಳ್ಳಲು, ಅದಲುಬದಲು ಮಾಡಲು ಕೆಲವನ್ನು ಹಾಗೇ ಬಿಟ್ಟಿರುತ್ತಾರೆ. ನೋಟ ನಂಬಿ ಜಾಸ್ತಿ ದುಡ್ಡು ಸುರಿಯುವ ಮೊದಲು, ನಿಮ್ಮ ಬೇಲಿಯಾಚೆಯ ಜಾಗ ಯಾವ ಬಗೆಯದು ಅಂತ ಅವರ ಆಫೀಸಿಗೆ ಒಂದು ಇಮೇಲ್ ಹಾಕಿ ಕೇಳಿ. ಕೇಳುವುದಕ್ಕೇನೂ ದುಡ್ಡಿಲ್ಲ.

ಮನೆ ಕೊಂಡ ಮೇಲೆ ನಿಮಗೂ ಮಿಡ್‌ಪೆನ್‌ಗೂ ಜಗಳ ಆಗುವುದಾದರೆ ಅದು ಭೂಸ್ವಾಧೀನಕ್ಕಲ್ಲ, ಬೇಲಿಗೆ. ಹಿಂದಿನ ಮಾಲೀಕರು ನಾಲ್ಕು ಅಡಿ ಆಚೆಗೆ ಬೇಲಿ ಹಾಕಿ, ಮೂವತ್ತು ವರ್ಷದಿಂದ ನಿಂಬೆ ಗಿಡ ಬೆಳೆಸಿದ್ದರೂ ಆ ನಾಲ್ಕು ಅಡಿ ನಿಮ್ಮದಾಗುವುದಿಲ್ಲ. ಸಾರ್ವಜನಿಕ ಸಂಸ್ಥೆಯ ಜಾಗ ಅನುಭೋಗದಿಂದ ಯಾರಿಗೂ ದಕ್ಕದು. ಕೊಳ್ಳುವ ಮೊದಲೇ ಸರ್ವೆ ಮಾಡಿಸಿ. ಹಿತ್ತಲಿಂದ ಗುಡ್ಡಕ್ಕೆ ನಿಮ್ಮದೇ ಕಾಲುದಾರಿ ಕಡಿದುಕೊಳ್ಳುವಂತಿಲ್ಲ. ಬೆಂಕಿಯ ಭಯಕ್ಕೆ ಮನೆ ಸುತ್ತ 100 ಅಡಿ ಒಣಹುಲ್ಲು, ಪೊದೆ ತೆರವು ಮಾಡಿ ಅಂತ ವಿಮಾ ಕಂಪನಿ ಒತ್ತಾಯ ಮಾಡಿದಾಗ, ಅದರಲ್ಲಿ 60 ಅಡಿ ಇವರ ಜಾಗದಲ್ಲಿದ್ದರೆ ನೀವಾಗಿಯೇ ಗರಗಸ ಹಿಡಿದು ನುಗ್ಗಬೇಡಿ. ಇದಕ್ಕೆಂದೇ ನೆರೆಯವರಿಗೆ ಪರ್ಮಿಟ್ ಕೊಡುತ್ತಾರೆ.

ತಮ್ಮ ಜಾಗದೊಳಗೆ ಮಾತ್ರ ಇವರ ಮಾತು ಖಡಕ್ಕು. ನಿಯಮ ಮುರಿದರೆ ರೇಂಜರ್ (ಅವರ ಕಾವಲು ಅಧಿಕಾರಿ) ದಂಡದ ಟಿಕೆಟ್ ಬರೆಯಬಹುದು, ಅದು ಕೋರ್ಟಿಗೆ ಹೋಗುವ ಟಿಕೆಟ್ಟೇ. ಸೂರ್ಯ ಮುಳುಗಿ ಅರ್ಧ ಗಂಟೆಯ ಮೇಲೆ ಪ್ರಿಸರ್ವ್ ಮುಚ್ಚುತ್ತದೆ. ರಷ್ಯನ್ ರಿಡ್ಜ್‌ನಲ್ಲಿ ಸೂರ್ಯಾಸ್ತದ ಫೋಟೊ ತೆಗೆಯುತ್ತಾ ಹರಟೆ ಹೊಡೆದು ನಿಂತರೆ ದಂಡ ಗ್ಯಾರಂಟಿ. ಡ್ರೋನ್ ಎಲ್ಲೂ ಹಾರಿಸುವಂತಿಲ್ಲ.

ತೆರಿಗೆ ಬಗ್ಗೆಯೂ ಎರಡು ಮಾತು. ತೆರಿಗೆ ಮೌಲ್ಯದ ಶೇ 1ರಷ್ಟಿರುವ ಮೂಲ ಆಸ್ತಿ ತೆರಿಗೆಯಲ್ಲಿ ಇವರಿಗೂ ಒಂದು ಪಾಲಿದೆ. ತೆರಿಗೆ ಮೌಲ್ಯದ ಪ್ರತಿ 100 ಡಾಲರ್‌ಗೆ ಸುಮಾರು 1.7 ಸೆಂಟ್. ಮೌಲ್ಯ 10 ಲಕ್ಷ ಡಾಲರ್ ಆದರೆ ವರ್ಷಕ್ಕೆ ಸುಮಾರು 170 ಡಾಲರ್. ಇದು ಬಿಲ್ಲಿನಲ್ಲಿ ಬೇರೆ ಸಾಲಾಗಿ ಕಾಣದು, ಒಳಗೇ ಸೇರಿರುತ್ತದೆ. ಬೇರೆಯಾಗಿ ಕಾಣುವುದು 2014ರಲ್ಲಿ ಮತದಾರರು ಒಪ್ಪಿದ 30 ಕೋಟಿ ಡಾಲರ್ ಬಾಂಡ್‌ನ ಸಾಲು. ಅದಕ್ಕೆ ಪ್ರತಿ ಲಕ್ಷ ಡಾಲರ್‌ಗೆ 3.18 ಡಾಲರ್ ಮಿತಿ ಇದೆ.

ಅಕಸ್ಮಾತ್ ಭೂಸ್ವಾಧೀನದ ನೋಟಿಸ್ ಬಂದೇಬಿಟ್ಟರೆ, ಸಭೆಯಲ್ಲಿ ಮಾತಾಡಬೇಕು ಅಂತ ಬರೆದು ಕೊಡಲು, ಅವರು ನೋಟಿಸನ್ನು ಅಂಚೆಗೆ ಹಾಕಿದ ದಿನದಿಂದ 15 ದಿನ ಮಾತ್ರ ಇರುತ್ತದೆ. ಆ ದಿನಾಂಕ ತಪ್ಪಿದರೆ ಮಾತಾಡುವ ಹಕ್ಕೇ ಹೋದೀತು. ಕವರನ್ನು ಅಡುಗೆಮನೆ ಡ್ರಾಯರಿಗೆ ಹಾಕಬೇಡಿ. ಇನ್ನು ಮಿಲ್ಪಿಟಸ್, ಸ್ಯಾನ್ ಹೋಸೆ, ಸಾಂತಾ ಕ್ಲಾರಾ ನಗರದವರು ಇದನ್ನು ಓದಿ ಲೆಕ್ಕ ಹಾಕಬೇಡಿ. ನಿಮ್ಮ ಕಡೆ ಇರುವುದು 1993ರಲ್ಲಿ ಶುರುವಾದ ಸಾಂತಾ ಕ್ಲಾರಾ ವ್ಯಾಲಿ ಓಪನ್ ಸ್ಪೇಸ್ ಅಥಾರಿಟಿ. ಆ ಸಂಸ್ಥೆಯೇ ಬೇರೆ, ಅದರ ಕಾನೂನೂ ಬೇರೆ.